ಕೂಸು ನಡೆಯುವವರೆಗೆ

ನಮ್ಮ ಮನೆಯ ಹಿಂದಿನ ಕಿಟಕಿ ಬಿಗಿಯತೊಡಗಿದ್ದು ಯುಗಾದಿ ಕಳೆದ ಮೇಲೆ. ಮೊದಲು ಎಡಗಡೆಯ ಬಾಗಿಲು ಚೌಕಟ್ಟಿಗೆ ಉಜ್ಜಿತು. ಮಳೆಗಾಲದಲ್ಲಿ ಮರ ಉಬ್ಬಿದಾಗಲೂ ಹಾಗಾಗುತ್ತದೆ, ಆದರೆ ಆಗ ಬಿಸಿಲು ಸುಡುತ್ತಿತ್ತು. ಆಮೇಲೆ ಮೇಲಿನ ಅಗಳಿ ತನ್ನ ತೂತಿಗೆ ಸೇರದಾಯಿತು. ಒಂದು ಮಧ್ಯಾಹ್ನ ನಾನು ಅಕ್ಕಿ ಆರಿಸುತ್ತಾ ಕೂತಿದ್ದಾಗ ಚೌಕಟ್ಟಿನ ಮೂಲೆಯಿಂದ ನರಳಿದಂಥ ಸದ್ದು ಬಂತು. ಮಂಚದ ಮೇಲೆ ಒರಗಿದ್ದ ನಮ್ಮವರು ಕಣ್ಣು ತೆರೆಯದೆ, "ಕೇಳಿಸ್ತಾ?" ಎಂದರು. ಕೇಳಿಸಿತು ಎಂದೆ. ಅವರು ಇನ್ನೊಂದು ಮಗ್ಗುಲಿಗೆ ತಿರುಗಿದರು.

ನಮ್ಮ ಊರಿನಲ್ಲಿ ಗೋಡೆಗಳು ಕಿಟಕಿಯ ಕಡೆಗೆ ಬೆಳೆಯುತ್ತವೆ. ಬಾಗಿಲನ್ನು ಮುಟ್ಟುವುದಿಲ್ಲ, ಸೂರನ್ನು ಎತ್ತುವುದಿಲ್ಲ, ಕಿಟಕಿ ಇದ್ದಲ್ಲಿ ಮಾತ್ರ ನಾಲ್ಕೂ ಕಡೆಯಿಂದ ಮೆಲ್ಲಗೆ ಒಳಕ್ಕೆ ಬರುತ್ತವೆ. ಹಳೆಯ ಚೌಕಟ್ಟು ತೆಗೆದು ಅದಕ್ಕಿಂತ ಚಿಕ್ಕದನ್ನು ಕೂರಿಸುತ್ತೇವೆ, ಕೆಲವು ವರ್ಷ ಬಿಟ್ಟು ಅದಕ್ಕಿಂತಲೂ ಚಿಕ್ಕದನ್ನು. ಗೋಡೆ ಕಡಿದು ಕಿಟಕಿ ದೊಡ್ಡದು ಮಾಡಿಕೊಳ್ಳಲು ಹೋದವರ ಮನೆಗಳು ಕುಸಿದು ಬಿದ್ದಿವೆ, ಹಾಗಾಗಿ ಯಾರೂ ಕಡಿಯುವುದಿಲ್ಲ. ಹೆಣ್ಣು ಕೊಡುವವರು ಗಂಡಿನ ಮನೆಗೆ ಬಂದರೆ ಕಾಫಿ ಕುಡಿಯುವ ಮೊದಲು ಕಿಟಕಿಗೆ ಗೇಣು ಹಾಕಿ ನೋಡುತ್ತಾರೆ. ಪೂರ್ತಿ ಮುಚ್ಚಿಹೋದದ್ದನ್ನು ಕಣ್ಣುಮುಚ್ಚಿದ ಮನೆ ಎನ್ನುತ್ತೇವೆ. ಅಂಥ ಮನೆಯವರು ಗುಡ್ಡದ ಆಚೆಗೆ ಹೋಗಿ, ಹೊಸ ಮನೆ ಏಳುವ ತನಕ ತಗಡಿನ ಉದ್ದನೆಯ ಶೆಡ್ಡಿನಲ್ಲಿ ಗೋಣಿಪರದೆ ಕಟ್ಟಿಕೊಂಡು ಇರಬೇಕು. ಕೆಲವರಿಗೆ ಹೊಸ ಮನೆ ಏಳುವುದೇ ಇಲ್ಲ.

ಕಿಟಕಿಯನ್ನು ಯಾವಾಗ ಬದಲಾಯಿಸಬೇಕು ಎಂಬುದರಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಗಟ್ಟಿಯಿರುವ ಚೌಕಟ್ಟನ್ನು ಕಿತ್ತರೆ ಕಿತ್ತ ಹೊತ್ತಿಗೇ ನಾಲ್ಕು ಬೆರಳಿನಷ್ಟು ಜಾಗ ಹೋಗುತ್ತದೆ, ಏಕೆಂದರೆ ಬರಿದಾದ ಕಂಡಿಯನ್ನು ಗೋಡೆ ಆತುರದಿಂದ ತುಂಬಿಕೊಳ್ಳುತ್ತದೆ. ಹಾಗೆಂದು ಕಾಯುತ್ತಾ ಕೂತರೆ ಒಂದು ದಿನ ಮರ ಸಿಡಿಯುತ್ತದೆ, ಹೊಸದು ತರುವುದರೊಳಗೆ ಅದಕ್ಕಿಂತ ಹೆಚ್ಚು ಹೋಗಿರುತ್ತದೆ. ಅಗಳಿ ಕೂರದಿದ್ದ ದಿನವೇ ಬದಲಾಯಿಸು ಎನ್ನುವವರಿದ್ದಾರೆ. ಮರ ಬಿರುಕು ಬಿಡುವವರೆಗೆ ಅದರ ಜೀವ ಹಿಂಡಿಕೋ ಎನ್ನುವವರೂ ಇದ್ದಾರೆ. ನನ್ನ ಗಂಡ ತಿಪ್ಪೇಸ್ವಾಮಿ ಎರಡನೆಯ ಗುಂಪಿನವರು. "ಸಾಗುವಾನಿ ಮರ. ಇನ್ನೂ ಒಂದು ಮಳೆಗಾಲ ತಡಿತೈತೆ ಬಿಡು" ಎಂದರು.

ಆ ಕಿಟಕಿಯ ಮೇಲೆ ಅವರ ಉಸಿರು ನಿಂತಿತ್ತು. ಹದಿವಯಸ್ಸಿನಿಂದ ಸುಣ್ಣದ ಭಟ್ಟಿಯಲ್ಲಿ ದುಡಿದು ಅವರ ಎದೆಯ ತುಂಬ ಸುಣ್ಣದ ಧೂಳು ಕೂತಿತ್ತು. ನಮ್ಮದು ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲು. ಮುಂಬಾಗಿಲು ತೆರೆದರೆ ಸುಣ್ಣದ ಗಾಡಿಗಳು ಓಡಾಡುವ ರಸ್ತೆ, ಬೆಳಗಿನಿಂದ ಸಂಜೆಯವರೆಗೆ ಬಿಳಿ ಧೂಳು. ಜಗುಲಿಯ ಮೇಲೆ ಸ್ವಲ್ಪ ಹೊತ್ತು ಕೂತರೂ ಅವರಿಗೆ ಕೆಮ್ಮು ಹತ್ತಿ ತುಟಿ ನೀಲಿಯಾಗುತ್ತಿತ್ತು. ಹಿಂದುಗಡೆ ಬಾಗಿಲಿಲ್ಲ, ಗೋಡೆಯ ಬುಡದಿಂದಲೇ ಹಳೆಯ ಕಲ್ಲುಕ್ವಾರಿ ಇಳಿದುಹೋಗುತ್ತದೆ, ಅದರ ತುಂಬ ನೀರು. ಆ ನೀರಿನ ಮೇಲಿಂದ ಬರುವ ತಂಪು ಗಾಳಿಯನ್ನು ಕುಡಿಯುತ್ತಾ ಅವರು ಕಿಟಕಿಯ ಕೆಳಗೆ ಹಾಸಿಗೆ ಹಿಡಿದಿದ್ದರು.

ನಾನು ಅವರ ಮಾತು ಮೀರಿ ದಸ್ತಗಿರಿ ಸಾಬರನ್ನು ಕರೆಸಿದೆ. ನಮ್ಮ ಸಾಲಿನ ಕಿಟಕಿಗಳನ್ನೆಲ್ಲ ಕೂರಿಸುವವರು ಅವರೇ. ಬೆರಳಿನಿಂದ ಮರವನ್ನು ಒತ್ತಿ, ಗೋಡೆಗೂ ಚೌಕಟ್ಟಿಗೂ ನಡುವೆ ಒಂದು ಗರಿ ತೂರಿಸಿ ನೋಡಿದರು. ಗರಿ ಹೋಗಲಿಲ್ಲ.

"ಬದಲಾಯಿಸ್ಬೇಕಮ್ಮ" ಎಂದರು. "ಮರದ್ದೇ ಹಾಕಿದ್ರೆ ಎರಡು ಗೇಣು ಉಳಿತೈತೆ. ಇದರ ಒಳಗೇ ತೆಳ್ಳಗೆ ಇನ್ನೊಂದು ಚೌಕಟ್ಟು ಕೂರಿಸ್ಬೋದು, ಕೀಳೋ ರಗಳೆ ಇರಲ್ಲ. ಆದ್ರೆ ಅದು ಬಹಳ ದಿನ ಬರಾಕಿಲ್ಲ."

"ಕಬ್ಬಿಣದ್ದು?" ಎಂದು ಕೇಳಿದೆ.

ಸಾಬರು ನನ್ನ ಮುಖ ನೋಡಲಿಲ್ಲ. "ಅದಕ್ಕೆ ಪಕ್ಕದ ಮನೆಯವ್ರು ಹ್ಞೂಂ ಅನ್ಬೇಕು. ಅವ್ರು ಬಾಯಿಬಿಟ್ಟು ಹೇಳಿದ್ರೆ ನಾಳೆನೇ ತರ್ತೀನಿ."

ಕಬ್ಬಿಣದ ಚೌಕಟ್ಟನ್ನು ಗೋಡೆ ಹಿಂಡಲಾರದು. ಆದರೆ ಇಲ್ಲಿ ಬರಲಾಗದ ಗೋಡೆ ಪಕ್ಕದ ಮನೆಯ ಕಿಟಕಿಗೆ ಹೋಗುತ್ತದೆ, ಎರಡು ಮನೆಯ ಪಾಲನ್ನು ಅಲ್ಲಿಂದಲೇ ತೆಗೆದುಕೊಳ್ಳುತ್ತದೆ. ಅದಕ್ಕೇ ಕೇಳದೆ ಕಬ್ಬಿಣ ಹಾಕುವಂತಿಲ್ಲ. ಯಾರಾದರೂ ಕದ್ದು ಹಾಕಿ ಸಿಕ್ಕಿಬಿದ್ದರೆ, ಏನು ಮಾಡಬೇಕೆಂದು ಹೇಳುವ ಹಕ್ಕು ಕಿಟಕಿ ಕಳೆದುಕೊಂಡ ಮನೆಯದು. ಆ ಮನೆಯವರು ಹೇಳಿದ ಮಾತನ್ನು ಓಣಿಯವರು ನಿಂತು ನಡೆಸುತ್ತಾರೆ.

ನಮ್ಮ ಒಂದು ಪಕ್ಕದ ಮನೆ ಕಣ್ಣುಮುಚ್ಚಿ ಬಹಳ ಕಾಲವಾಗಿತ್ತು. ಇನ್ನೊಂದು ಪಕ್ಕದಲ್ಲಿ ಹೊನ್ನೂರಮ್ಮನ ಮನೆ, ಸಾಲಿಗೆ ಅದೇ ಕೊನೆ. ಅವಳೂ ನಾನೂ ಒಂದೇ ವರ್ಷ ಸೊಸೆಯಂದಿರಾಗಿ ಈ ಸಾಲಿಗೆ ಬಂದವರು. ಮೊಸರಿನ ಹೆಪ್ಪಿಗೆ, ಒಲೆಯ ಕೆಂಡಕ್ಕೆ, ಕಾಯಿಲೆಗೆ, ಸಾವಿಗೆ ಒಬ್ಬರಿಗೊಬ್ಬರು ಆಗಿದ್ದೆವು. ಅವಳ ಗಂಡ ತೀರಿಕೊಂಡಿದ್ದ. ಮಗಳು ಚಂಪಕ ಬಸುರಿಯಾಗಿ ತವರಿಗೆ ಬಂದಿದ್ದಳು. ಚಂಪಕಳ ಮೊದಲ ಕೂಸು ಅತ್ತೆಯ ಮನೆಯಲ್ಲಿ, ಅಂಗೈಯಷ್ಟೇ ಕಿಟಕಿ ಉಳಿದಿದ್ದ ಕೋಣೆಯಲ್ಲಿ ಹುಟ್ಟಿ, ಬಾಣಂತನದ ಕೆಂಡದ ಹೊಗೆಯಲ್ಲಿ ಉಸಿರು ಕಟ್ಟಿ ತೀರಿಹೋಗಿತ್ತು.

ನಾನು ಹೋದಾಗ ಹೊನ್ನೂರಮ್ಮ ಜಗುಲಿಯ ಮೇಲೆ ಒಣಕೊಬ್ಬರಿ ಹೆರೆಯುತ್ತಿದ್ದಳು. ಯಾವಾಗಲೂ ಒಳಗೆ ಬಾ ಎನ್ನುವವಳು ಅಂದು ಹೊಸ್ತಿಲಲ್ಲೇ ಜಾಗ ಮಾಡಿಕೊಟ್ಟಳು. ಮಗಳು ಮಲಗಿದ್ದಾಳೆ ಎಂದಳು.

"ಸಾಬ್ರು ಕಬ್ಬಿಣ ಹಾಕ್ತೀನಿ ಅಂತಾರೆ ಹೊನ್ನೂರಿ. ನೀನು ಒಪ್ಪಿದ್ರೆ" ಎಂದೆ. "ನಮ್ಮವರ ಎದೆ ನಿನಗೆ ಗೊತ್ತೇ ಐತೆ."

ಅವಳು ಕೊಬ್ಬರಿ ಹೆರೆಯುವುದನ್ನು ನಿಲ್ಲಿಸಲಿಲ್ಲ. "ಬೇರೆ ಹೊತ್ತಾಗಿದ್ರೆ ಇಲ್ಲ ಅಂತಿರ್ಲಿಲ್ಲ ಸಿರಿ. ಇವಳ ದಿನ ಹತ್ರ ಬಂದೈತೆ. ಇನ್ನೊಂದು ಸಲ ನನ್ನ ಕೈಲಿ ಆಗಲ್ಲ."

ಅವಳ ಕಣ್ಣು ತುಂಬಿತ್ತು. ನಾನೇ ಅವಳ ಬೆನ್ನು ಸವರಿ, ಕೇಳಬಾರದಿತ್ತು ಬಿಡು ಎಂದು ಹೇಳಿ ಬಂದೆ. ನಮ್ಮವರೂ ಅದನ್ನೇ ಅಂದರು. "ಕೂಸು ಹುಟ್ಟೋ ಮನೆ. ಅವ್ರ ಗಾಳಿ ಕಿತ್ಕೊಂಡು ನಾನೇನು ನೂರು ವರ್ಷ ಬದುಕ್ತೀನಾ? ಮರದ್ದೇ ಹಾಕ್ಸು. ಆತುರ ಬ್ಯಾಡ."

ಆತುರ ಬೇಡವೆಂದು ಮಳೆ ಹಿಡಿಯುವವರೆಗೆ ಕಾದೆವು. ಹೊಸ ಮರದ ಚೌಕಟ್ಟು ತಯಾರಾಗಿ ನಡುಮನೆಯಲ್ಲಿ ಗೋಡೆಗೆ ಒರಗಿತ್ತು. ಹಳೆಯದು ದಿನಕ್ಕೊಂದು ಸದ್ದು ಮಾಡುತ್ತಿತ್ತು. ಬಾಗಿಲುಗಳು ಅರ್ಧಕ್ಕೇ ಸಿಕ್ಕಿಕೊಂಡವು, ಆಮೇಲೆ ಅವುಗಳನ್ನು ಕಳಚಿಟ್ಟೆವು. ನಡುವಿನ ಸರಳುಗಳು ಬಿಲ್ಲಿನಂತೆ ಬಾಗಿದವು. ಒಂದು ಬೆಳಿಗ್ಗೆ ನಾನು ಗಂಜಿ ಕುಡಿಸುತ್ತಿದ್ದಾಗ ಮೇಲಿನ ಪಟ್ಟಿ ಸೀಳಿ ಒಂದು ಸಿಬಿರು ಬಂದು ಗಂಜಿಯ ಬಟ್ಟಲಿಗೆ ಬಿತ್ತು. ಬಟ್ಟಲು ಅಲ್ಲೇ ಬಿಟ್ಟು ಸಾಬರ ಮನೆಗೆ ಓಡಿದೆ.

ಅವರು ಬಂದು ಹಳೆಯದನ್ನು ಕೀಳುವ ಹೊತ್ತಿಗೆ ಕೆಳಗಿನ ಪಟ್ಟಿಯೂ ಹೋಗಿತ್ತು. ಹೊಸ ಚೌಕಟ್ಟನ್ನು ಎತ್ತಿ ಹಿಡಿದರೆ ಕಂಡಿಯೊಳಗೆ ಹೋಗಲಿಲ್ಲ. ಸಾಬರು ಅದನ್ನು ನೆಲಕ್ಕೆ ಹಾಕಿ ಒಂದೊಂದು ಕಡೆಯೂ ಕೊಯ್ದರು. ಮತ್ತೆ ಎತ್ತಿ ಹಿಡಿದರು, ಮತ್ತೆ ಹೋಗಲಿಲ್ಲ. ನಾನು ಎರಡೂ ಅಂಗೈ ಗೋಡೆಗೆ ಒತ್ತಿ ನಿಂತಿದ್ದೆ. ಅದರಿಂದ ಏನೂ ಆಗುವುದಿಲ್ಲವೆಂದು ಗೊತ್ತಿದ್ದೂ ಒತ್ತಿದೆ. ಗೋಡೆ ಬೆಚ್ಚಗಿತ್ತು. ಬಾಗಿಲುಗಳನ್ನು ಬಿಟ್ಟು ಬರೀ ಚೌಕಟ್ಟನ್ನು ಸಾಬರು ಬೆಣೆ ಹೊಡೆದು ಕೂರಿಸಿದಾಗ ಉಳಿದದ್ದು ಒಂದು ಗೇಣು, ಮೇಲೆ ಸ್ವಲ್ಪ. ನಮ್ಮವರು ಮಂಚದ ಮೇಲೆ ಎದ್ದು ಕೂತು ಆ ಕಂಡಿಗೆ ಮುಖ ಒಡ್ಡಿದರು. ಅವರ ಮುಖಕ್ಕೆ ಅದು ಸರಿಯಾಯಿತು.

ಸಾಬರು ಬಹಳ ಹೊತ್ತು ಗೋಡೆಯನ್ನು ತಟ್ಟಿ ತಟ್ಟಿ ನೋಡಿದರು. "ಇಷ್ಟು ಜೋರಾಗಿ ಬರಬಾರ್ದಮ್ಮ" ಎಂದರು. "ಒಂದು ಮನೆ ಗೋಡೆ ಹಿಂಗೆ ಬರಾಕಿಲ್ಲ." ನನ್ನ ತಲೆಗೆ ಆಗ ಅದು ಹೋಗಲಿಲ್ಲ. ಆ ವಾರವೇ ಚಂಪಕಳಿಗೆ ಹೆರಿಗೆಯಾಯಿತು. ಹೆಣ್ಣುಕೂಸು, ಗಟ್ಟಿ ದನಿಯದು. ಅದರ ಅಳು ನಡುಗೋಡೆಯನ್ನು ದಾಟಿ ನಮ್ಮ ಕೋಣೆಗೆ ಬರುತ್ತಿತ್ತು. ನಮ್ಮವರು ಉಸಿರು ಎಳೆಯುತ್ತಾ, "ಬದುಕ್ತು ಬಿಡು" ಎನ್ನುತ್ತಿದ್ದರು.

ಕೂಸಿಗೆ ಹೆಸರಿಡುವ ದಿನ ನಾನು ಒಂದು ಕುಲಾವಿ ಹೊಲಿದುಕೊಂಡು ಹೋದೆ. ಪಾರ್ವತಿ ಎಂದು ಹೆಸರಿಟ್ಟರು, ಕರೆಯಲು ಪಾರಿ. ಹೆಂಗಸರೆಲ್ಲ ನಡುಮನೆಯಲ್ಲಿ ಊಟಕ್ಕೆ ಕೂತಾಗ ಕೂಸನ್ನು ಎತ್ತಿಕೊಂಡು ಹಿಂದಿನ ಕೋಣೆಗೆ ಹೋದೆ. ಅಲ್ಲಿ ಚಂಪಕ ಮಲಗಿದ್ದಳು. ಕಿಟಕಿಗೆ ಸೀರೆಯ ಪರದೆ ಕಟ್ಟಿತ್ತು. ಕೂಸಿನ ಕಣ್ಣಿಗೆ ಬಿಸಿಲು ಬೀಳುತ್ತದೆಂದು ಪರದೆಯನ್ನು ಸರಿಪಡಿಸಲು ಕೈ ಎತ್ತಿದೆ. ನನ್ನ ಬಳೆ ಚೌಕಟ್ಟಿಗೆ ತಾಗಿ ಠಣ್ ಎಂದಿತು. ಮರ ಹಾಗೆನ್ನುವುದಿಲ್ಲ. ಪರದೆ ಎತ್ತಿ ನೋಡಿದೆ. ಕಬ್ಬಿಣದ ಮೇಲೆ ಮರದ ಗೆರೆಗಳನ್ನು ಬಿಡಿಸಿ ಕಂದು ಬಣ್ಣ ಬಳಿದಿದ್ದರು. ಕಿಟಕಿ ನಾಲ್ಕು ಗೇಣಿತ್ತು. ಅಷ್ಟು ದೊಡ್ಡ ಆಕಾಶವನ್ನು ಮನೆಯೊಳಗಿನಿಂದ ನೋಡಿ ನನಗೆ ಎಷ್ಟೋ ಕಾಲವಾಗಿತ್ತು.

ತಿರುಗಿದರೆ ಬಾಗಿಲಲ್ಲಿ ಹೊನ್ನೂರಮ್ಮ ಪಾಯಸದ ಪಾತ್ರೆ ಹಿಡಿದು ನಿಂತಿದ್ದಳು. ಕೂಸನ್ನು ತೊಟ್ಟಿಲಿಗೆ ಹಾಕಿ ಅಡುಗೆಮನೆಗೆ ಅವಳ ಹಿಂದೆ ಹೋದೆ.

"ಯಾವಾಗ ಹಾಕಿಸ್ದೆ?"

"ನೀನು ಕೇಳಾಕೆ ಬಂದಾಗ ಹಾಕ್ಸಿ ಆಗಿತ್ತು" ಎಂದಳು. ಪಾತ್ರೆಯನ್ನು ಕೆಳಗಿಡಲೂ ಇಲ್ಲ. "ಸಾಬ್ರಲ್ಲ. ಹೊರಗಿನವ್ರು. ಚಂಪಕಂಗೂ ಗೊತ್ತಿಲ್ಲ, ಅವಳು ಬರೋಕೆ ಮುಂಚೆನೇ ಹಾಕ್ಸಿದ್ದೆ."

"ಕೇಳ್ಬೋದಿತ್ತಲ್ಲ ಹೊನ್ನೂರಿ."

"ಕೇಳಿದ್ರೆ ಹ್ಞೂಂ ಅಂತಿದ್ಯಾ?"

ನನಗೆ ಸುಳ್ಳು ಹೇಳಲು ಬರಲಿಲ್ಲ. ನಾನೂ ಇಲ್ಲವೆನ್ನುತ್ತಿದ್ದೆ, ಅವಳ ಹಾಗೆಯೇ ಕಣ್ಣು ತುಂಬಿಕೊಂಡು ಇಲ್ಲವೆನ್ನುತ್ತಿದ್ದೆ. ನಮ್ಮಿಬ್ಬರಿಗೂ ವ್ಯತ್ಯಾಸ ಇಷ್ಟೇ, ನಾನು ಕೇಳಿದ್ದೆ. ಊಟ ಮಾಡದೆ ಮನೆಗೆ ಬಂದೆ.

ನಮ್ಮವರಿಂದ ಮುಚ್ಚಿಡಬೇಕೆಂದುಕೊಂಡಿದ್ದೆ. ನನ್ನ ಮುಖ ನೋಡಿಯೇ ಅವರು ಹಿಡಿದರು. ಎಲ್ಲವನ್ನೂ ಹೇಳಿದೆ. ಪಾಪ, ಕೂಸಿಗಾಗಿ ಮಾಡಿದಳು ಬಿಡು ಎನ್ನುತ್ತಾರೆಂದು ಕಾದೆ. ಅವರು ಅದನ್ನು ಹೇಳಲಿಲ್ಲ.

"ಕೀಳಿಸು" ಎಂದರು.

"ಬಾಣಂತಿ ಕೋಣೆ ರೀ. ಕಿತ್ತರೆ ತಡೆದಿಟ್ಟ ಗೋಡೆಯೆಲ್ಲ ಒಮ್ಮೆಗೇ ನುಗ್ಗಿ ಅವ್ರದ್ದು ಮುಚ್ಚತೈತೆ, ನಮ್ಮದೇನು ವಾಪಸ್ ಬರಲ್ಲ."

"ಬರ್ದಿದ್ರೆ ಬ್ಯಾಡ. ನಾನು ಕೊಟ್ಟಿದ್ದು ಬೇರೆ, ಅವಳು ಕಿತ್ಕೊಂಡಿದ್ದು ಬೇರೆ. ಕೀಳಿಸು."

ಇಷ್ಟು ಹೇಳುವುದಕ್ಕೆ ಅವರು ನಡುವೆ ಎಷ್ಟೋ ಸಲ ನಿಲ್ಲಬೇಕಾಯಿತು. ನಾನು ಹೊರಟೆ. ಓಣಿಯ ಹಿರಿಯ ರುದ್ರಣ್ಣನ ಮನೆಗೆ ಹೋಗಬೇಕಾದವಳು ಹೊನ್ನೂರಮ್ಮನ ಜಗುಲಿಯ ಮುಂದೆ ನಿಂತೆ. ಒಳಗೆ ಅಮ್ಮ ಮಗಳ ಜಗಳ ಕೇಳಿಸುತ್ತಿತ್ತು. ಚಂಪಕ ಹಸಿಮೈಯಲ್ಲೇ, ತಲೆಗೆ ಕಟ್ಟಿದ ಬಟ್ಟೆಯಲ್ಲೇ ಬಾಗಿಲಿಗೆ ಬಂದಳು. ಅತ್ತಿದ್ದಳು.

"ಸಿರಿಯತ್ತೆ, ಮಾವನ್ನ ಇಲ್ಲಿಗೆ ಕರ್ಕೊಂಡು ಬನ್ನಿ" ಎಂದಳು. "ಕಿಟಕಿ ಕೆಳಗೆ ಮಂಚ ಹಾಕ್ತೀನಿ. ನಾನೂ ಕೂಸೂ ಈ ಮೂಲೆಗೆ ಸರಿತೀವಿ. ನಾಳೆಯಿಂದ್ಲೇ ಬರ್ಲಿ."

ಹೊನ್ನೂರಮ್ಮ ಅವಳ ಹಿಂದೆ ನಿಂತಿದ್ದಳು. ಕೆಮ್ಮುವ ಗಂಡಸನ್ನು ಎಳೆಗೂಸಿನ ಕೋಣೆಗೆ ತರುವುದು ಅವಳಿಗೆ ಹೇಗಿತ್ತೋ, ಬಾಯಿ ಮಾತ್ರ ತೆರೆಯಲಿಲ್ಲ.

ನಮ್ಮವರು ಒಪ್ಪಲಿಲ್ಲ. ಅವಳ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದರು. ಅಷ್ಟರಲ್ಲಿ ಮಳೆ ಬಿಟ್ಟು ಸೆಕೆ ಹತ್ತಿತು, ನಮ್ಮ ಕಂಡಿ ಇನ್ನೂ ಕಿರಿದಾಯಿತು. ಒಂದು ದಿನ ಅವರು ಕಂಡಿಗೆ ಬಾಯಿಯನ್ನು ಮಾತ್ರ ಒತ್ತಿಕೊಂಡು, ಗೋಡೆಗೆ ಉಗುರು ಊರಿ ನಿಂತದ್ದನ್ನು ನೋಡಲಾಗದೆ ನಾನೂ ಸಾಬರೂ ಸೇರಿ ಅವರನ್ನು ಮಂಚಸಮೇತ ಎತ್ತಿಕೊಂಡು ಹೋದೆವು. ತಡೆಯಲು ಅವರಲ್ಲಿ ಶಕ್ತಿ ಇರಲಿಲ್ಲ.

ಅಲ್ಲಿಂದ ಬೆಳಿಗ್ಗೆ ಅಲ್ಲಿ, ಕತ್ತಲಾದ ಮೇಲೆ ನಮ್ಮ ಮನೆ. ಹೊನ್ನೂರಮ್ಮನ ಮನೆಯ ನೀರನ್ನು ಅವರು ಮುಟ್ಟಲಿಲ್ಲ, ನಾನು ನಮ್ಮ ಮನೆಯಿಂದ ತಂಬಿಗೆ ಒಯ್ಯುತ್ತಿದ್ದೆ. ಅವಳು ಕೋಣೆಗೆ ಬಂದರೆ ಕಣ್ಣು ಮುಚ್ಚುತ್ತಿದ್ದರು. ಚಂಪಕಳ ಜೊತೆ ಮಾತಾಡುತ್ತಿದ್ದರು, ಅವಳು ಚಿಕ್ಕವಳಿದ್ದಾಗ ಕ್ವಾರಿಯ ನೀರಿಗೆ ಕಲ್ಲೆಸೆದು ಬೈಸಿಕೊಂಡದ್ದನ್ನು ನೆನಪಿಸುತ್ತಿದ್ದರು. ಒಮ್ಮೆ ಚಂಪಕ ಬಚ್ಚಲಿಗೆ ಹೋದಾಗ ಕೂಸು ಅತ್ತಿತು. ನಾನು ಬರುವಷ್ಟರಲ್ಲಿ ಅವರು ಮಲಗಿದ್ದಲ್ಲಿಂದಲೇ ಕಾಲು ಚಾಚಿ ಹೆಬ್ಬೆರಳಿನಿಂದ ತೊಟ್ಟಿಲು ತೂಗುತ್ತಿದ್ದರು. ಸಂಜೆ ಮನೆಗೆ ಬಂದ ಮೇಲೆ, "ಗಾಳಿ ಚೆನ್ನಾಗೈತೆ" ಎಂದರು. ಸ್ವಲ್ಪ ತಡೆದು, "ನಮ್ಮ ಗಾಳಿನೇ" ಎಂದರು. ಕೀಳಿಸು ಎಂದ ಮಾತನ್ನು ಅವರು ಮತ್ತೆ ಹೇಳಲಿಲ್ಲ, ಹಿಂದಕ್ಕೂ ತೆಗೆದುಕೊಳ್ಳಲಿಲ್ಲ.

ಕೂಸು ಮಗುಚಿ ಬೀಳಲು ಕಲಿತ ಹೊತ್ತಿಗೆ ಅವರು ತೀರಿಕೊಂಡರು. ಬೆಳಗಿನ ಹೊತ್ತು. ಚಂಪಕ ಮೂಲೆಯಲ್ಲಿ ಗೋಡೆಗೆ ತಿರುಗಿ ಹಾಲೂಡಿಸುತ್ತಿದ್ದಳು, ನಾನು ಅವರ ಕಾಲಿನ ಕಡೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದೆ. ಕೆಮ್ಮು ನಿಂತದ್ದು ಮೊದಲು ತಿಳಿದದ್ದು ಅವಳಿಗೆ. "ಅತ್ತೆ, ಮಾವ ಮಲಗಿದ್ರಾ?" ಎಂದು ಕೇಳಿದಳು. ಮುಖ ಕಿಟಕಿಯ ಕಡೆಗಿತ್ತು, ಕಣ್ಣು ತೆರೆದಿತ್ತು.

ಸಾವು ಬೇರೆಯವರ ಮನೆಯಲ್ಲಾದದ್ದರಿಂದ ಓಣಿಯವರೆಲ್ಲ ಆ ಕೋಣೆಗೆ ಬಂದರು. ಹೆಣ ಎತ್ತಲು ಬಂದವರು ಕಿಟಕಿಯನ್ನು ನೋಡಿದರು, ಹೆಣವನ್ನು ನೋಡಿದರು. ಒಬ್ಬ ಚೌಕಟ್ಟನ್ನು ಉಗುರಿನಿಂದ ಕೆರೆದ. ಬಣ್ಣದ ಕೆಳಗೆ ಕಬ್ಬಿಣ ಕಂಡಿತು.

ತಿಥಿಯ ಊಟ ಮುಗಿದ ಮೇಲೆ ರುದ್ರಣ್ಣ ನಮ್ಮ ಜಗುಲಿಗೆ ಬಂದು ಕೂತ. ಜೊತೆಗೆ ನಾಲ್ಕು ಜನ, ಒಬ್ಬನ ಕೈಯಲ್ಲಿ ಹಾರೆ. ಹೊನ್ನೂರಮ್ಮ ತನ್ನ ಬಾಗಿಲಲ್ಲಿ ಸೆರಗು ಹೊದ್ದು ನಿಂತಿದ್ದಳು.

"ನಿನ್ನ ಮಾತು ಸಿರಿಯಕ್ಕ" ಎಂದ ರುದ್ರಣ್ಣ. "ಕೀಳು ಅಂದ್ರೆ ಕೀಳ್ತೀವಿ. ಇರ್ಲಿ ಅನ್ನೋದು ನಂಗೆ ಸರಿ ಕಾಣಲ್ಲ. ಇವತ್ತು ಇವಳು ಮಾಡಿದ್ದು ದಕ್ಕಿದ್ರೆ ನಾಳೆ ಸಾಲಿಗೆ ಸಾಲೇ ಕಬ್ಬಿಣ ಹಾಕತೈತೆ."

ನನಗೆ ನಮ್ಮವರ ಮಾತು ಕಿವಿಯಲ್ಲಿತ್ತು. ಅದನ್ನು ಮೀರಲು ಮನಸ್ಸಿರಲಿಲ್ಲ, ಕೂಸಿನ ತಲೆಯ ಮೇಲೆ ಗೋಡೆ ತರಲೂ ಮನಸ್ಸಿರಲಿಲ್ಲ. ಎರಡರ ನಡುವೆ ಒಂದು ದಾರಿ ಹುಡುಕಿದೆ. ಆಗ ಅದು ಧರ್ಮದ ದಾರಿಯಂತೆ ಕಂಡಿತು.

"ಕೂಸು ನಡೆಯೋ ತನಕ ಇರ್ಲಿ" ಎಂದೆ. "ನಡೆದ ದಿನ ಕಿತ್ತುಬಿಡಿ."

ಎಲ್ಲರೂ ತಲೆದೂಗಿದರು. ನ್ಯಾಯವೂ ಆಯಿತು, ದಯೆಯೂ ಆಯಿತು ಎಂದ ರುದ್ರಣ್ಣ. ಹಾರೆ ತಂದವನು ಅದನ್ನು ಹೆಗಲಿಗೆ ಹಾಕಿಕೊಂಡು ಹೋದ. ಹೊನ್ನೂರಮ್ಮ ಬಾಗಿಲು ಹಾಕಿಕೊಂಡಳು.

ಆಮೇಲೆ ನಾವಿಬ್ಬರೂ ಮಾತಾಡಲಿಲ್ಲ. ನಾನು ಮಿಲ್ಲಿನಲ್ಲಿ ಚೀಲ ಹೊಲಿಯುವ ಕೆಲಸಕ್ಕೆ ಹೋಗತೊಡಗಿದೆ, ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುತ್ತಿದ್ದೆ. ನನ್ನ ಕಂಡಿಗೆ ಸಾಬರು ಇನ್ನೊಂದು ಚೌಕಟ್ಟು ಕೂರಿಸಿಕೊಟ್ಟರು, ಅಂಗೈಯಷ್ಟು. ಅದರಿಂದ ಗಾಳಿ ಬರುವುದಿಲ್ಲ, ಬೆಳಗಾಯಿತು ಎಂದು ಗೊತ್ತಾಗುತ್ತದೆ ಅಷ್ಟೆ. ಕೂಸಿನ ಅಳು, ನಗು, ತೊದಲು ಮಾತು ಗೋಡೆಯಾಚೆಯಿಂದ ಕೇಳಿಸುತ್ತಿದ್ದವು. ಅವ್ವಾ ಎಂದಿತು, ಹಾಲು ಎಂದಿತು, ಕಾಗೆಯನ್ನು ಕೂಗಿತು. ವರ್ಷ ತುಂಬಿತು. ಮತ್ತೊಂದು ಯುಗಾದಿಯೂ ಹೋಯಿತು. ಇನ್ನೂ ನಡೆದಿಲ್ಲವಂತೆ ಎಂದು ನೀರಿನ ನಲ್ಲಿಯ ಹತ್ತಿರ ಹೆಂಗಸರು ಅಂದುಕೊಂಡರು. ಕೆಲವು ಮಕ್ಕಳು ತಡ ಎಂದು ನಾನು ತಿಳಿದೆ.

ಮಿಲ್ಲಿಗೆ ರಜೆಯಿದ್ದ ಒಂದು ದಿನ ಚಂಪಕ ನಮ್ಮ ಮನೆಗೆ ಬಂದಳು. ಬಂದವಳು ಕೂರಲಿಲ್ಲ.

"ಅತ್ತೆ, ಒಂದ್ಸಲ ಬಂದು ಪಾರಿನ ನೋಡಿ" ಎಂದಳು. "ಅವ್ವ ಕೆಳಗೆ ಬಿಡಲ್ಲ. ನೆಲಕ್ಕೆ ಬಿಟ್ರೆ ನಡಿತಾಳೆ, ನಡೆದ್ರೆ ಕೀಳ್ತಾರೆ ಅಂತಾಳೆ. ನಾನು ಹೇಳಿದ್ರೆ ಕೇಳಲ್ಲ, ಸತ್ತ ನನ್ನ ಮೊದ್ಲನೇ ಕೂಸಿನ ಮಾತು ಎತ್ತತಾಳೆ. ಹಗಲೆಲ್ಲ ಸೊಂಟದ ಮೇಲೆ, ಅಡುಗೆ ಮಾಡೋವಾಗ ಸೆರಗಲ್ಲಿ ಕಟ್ಕೋತಾಳೆ. ಒಂಬತ್ತು ತಿಂಗಳಿಗೆ ಗೋಡೆ ಹಿಡಿದು ನಿಂತಿತ್ತು ಅತ್ತೆ. ಈಗ ನಿಲ್ಲಲ್ಲ."

ಹೋದೆ. ಹೊನ್ನೂರಮ್ಮ ಒಲೆಯ ಮುಂದೆ ಕೂತಿದ್ದಳು. ಕೂಸು ಅವಳ ಬೆನ್ನಿಗೆ ಹಳೆಯ ಸೀರೆಯಲ್ಲಿ ಬಿಗಿಯಾಗಿ ಕಟ್ಟಿಸಿಕೊಂಡಿತ್ತು. ಮುಖ ದುಂಡಗಿತ್ತು, ಕೈಗಳು ದುಂಡಗಿದ್ದವು. ಸೀರೆಯಿಂದ ಕೆಳಗೆ ಇಳಿಬಿದ್ದ ಕಾಲುಗಳು ಬೇರೆ ಯಾವುದೋ ಚಿಕ್ಕ ಕೂಸಿನವು ಎನ್ನುವಂತೆ ಸಣ್ಣಗೆ, ಮೆತ್ತಗೆ ಇದ್ದವು. ಅಂಗಾಲು ಮುಟ್ಟಿದೆ. ಹುಟ್ಟಿದ ವಾರದಲ್ಲಿ ಎಷ್ಟು ನುಣುಪಾಗಿತ್ತೋ ಅಷ್ಟೇ ನುಣುಪು.

ಹೊನ್ನೂರಮ್ಮ ತಿರುಗಿ ನೋಡಿದಳು. "ಇನ್ನೂ ನಡೆದಿಲ್ಲ" ಎಂದಳು. ನನ್ನೊಡನೆ ಎಷ್ಟೋ ಕಾಲದ ಮೇಲೆ ಆಡಿದ ಮಾತು ಅದು. ಅವಳ ಸೊಂಟ ಒಂದು ಕಡೆಗೆ ವಾಲಿಹೋಗಿತ್ತು.

ನಾನು ಅಲ್ಲಿಂದ ನೇರ ರುದ್ರಣ್ಣನ ಮನೆಗೆ ಹೋಗಿ, ನನ್ನ ಮಾತು ಹಿಂದಕ್ಕೆ ತಗೋತೀನಿ, ಕಬ್ಬಿಣ ಇರಲಿ ಎಂದೆ. ರುದ್ರಣ್ಣ ಒಪ್ಪಲಿಲ್ಲ. ಓಣಿ ಕೇಳಿದ ಮಾತನ್ನು ಒಬ್ಬರು ಅಳಿಸಲಾಗುವುದಿಲ್ಲ ಎಂದ. ಆ ಮಾತು ಬೀಳಬೇಕಾದರೆ ನಷ್ಟವಾದ ಮನೆಯೇ ಇರಬಾರದು.

"ನಮ್ಮನೆ ಕಣ್ಣು ಮುಚ್ಚಿದ್ರೆ?"

"ಮುಚ್ಚಿದ ಮನೆಗೆ ಮಾತಿಲ್ಲ" ಎಂದ. "ಆದ್ರೆ ಶೆಡ್ಡಿಗೆ ಹೋಗ್ಬೇಕಾಗತೈತೆ ಸಿರಿಯಕ್ಕ. ಒಂಟಿ ಹೆಂಗಸು. ಯೋಚ್ನೆ ಮಾಡು."

ದಸ್ತಗಿರಿ ಸಾಬರು ಅಂಗೈಯಷ್ಟಿದ್ದ ಚೌಕಟ್ಟನ್ನು ಅಲ್ಲಾಡಿಸಿ ನೋಡಿದರು. "ಇದಿನ್ನೂ ಗಟ್ಟಿ ಐತಮ್ಮ" ಎಂದರು. "ಎರಡು ವರ್ಷ ಬರತೈತೆ. ಈಗ್ಯಾಕೆ?" ತೆಗೆಯಿರಿ ಎಂದೆ. ಅವರು ಉಳಿ ತೂರಿಸಿ ಎತ್ತಿದರು, ಒಂದೇ ಏಟಿಗೆ ಬಂತು. ನಾನು ಮಂಚದ ಮೇಲೆ ಕೂತು ನೋಡಿದೆ. ಮೊದಲು ನೀರು ಕಾಣದಾಯಿತು, ಆಮೇಲೆ ಆಚೆ ದಡದ ಕಲ್ಲು, ಆಮೇಲೆ ಬರೀ ಒಂದು ಬೆಳ್ಳನೆಯ ಗೆರೆ. ನಮ್ಮವರು ಉಗುರು ಊರಿದ ಗುರುತುಗಳು ಗೋಡೆಯ ಮೇಲಿದ್ದವು. ಅವು ಒಂದಕ್ಕೊಂದು ಹತ್ತಿರ ಬಂದು ಮಡಿಕೆಯೊಳಗೆ ಹೋದವು. ಸಾಬರು ದೀಪ ಹಚ್ಚಿಕೊಟ್ಟರು.

ಬಟ್ಟೆಯ ಗಂಟು, ಎರಡು ಪಾತ್ರೆ ಕಟ್ಟಿಕೊಂಡು ಮುಂಬಾಗಿಲಿಗೆ ಚಿಲಕ ಹಾಕಿದೆ. ಹೊನ್ನೂರಮ್ಮನ ಮನೆಗೆ ಹೋಗಿ, "ನಮ್ಮನೆ ಮುಚ್ತು. ಇನ್ನು ನಿನ್ನ ಕಿಟಕಿನ ಯಾರೂ ಮುಟ್ಟಲ್ಲ. ಕೂಸನ್ನ ಇಳಿಸು" ಎಂದೆ.

ಅವಳು ನಂಬಲಿಲ್ಲ. ಬಂದು ನೋಡು ಎಂದೆ. ನೋಡಲೂ ಬರಲಿಲ್ಲ. ಚಂಪಕ 'ಅವ್ವ' ಎಂದಳು. ಕೊನೆಗೆ ನಾನೇ ಅವಳ ಎದೆಯ ಮೇಲಿನ ಗಂಟಿಗೆ ಕೈ ಹಾಕಿದೆ. ಬಿಚ್ಚಿ ಬಿಚ್ಚಿ ಕಟ್ಟಿದ ಗಂಟು, ಕಲ್ಲಾಗಿತ್ತು. ಅವಳು ನನ್ನ ಮಣಿಕಟ್ಟನ್ನು ಹಿಡಿದಳು. ಹಿಡಿದಳು, ಆದರೆ ತಳ್ಳಲಿಲ್ಲ. ಗಂಟು ಬಿಚ್ಚಿ ಪಾರಿಯನ್ನು ಎತ್ತಿ ಕಿಟಕಿಯ ಕೆಳಗೆ, ನೆಲದ ಮೇಲೆ, ಕಾಲೂರಿಸಿ ನಿಲ್ಲಿಸಿದೆ. ಕೈ ಬಿಟ್ಟೆ. ಕಾಲುಗಳು ಬಟ್ಟೆಯಂತೆ ಮಡಚಿಕೊಂಡವು, ಕೂಸು ಕುಸಿದು ಕೂತಿತು. ತಣ್ಣನೆಯ ನೆಲ ತಾಗಿದ್ದಕ್ಕೋ ಏನೋ ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ದೊಡ್ಡ ದನಿ ತೆಗೆದು ಅತ್ತಿತು. ಅಜ್ಜಿಯ ಕಡೆ ಎರಡೂ ಕೈ ಚಾಚಿತು.

ಹೊನ್ನೂರಮ್ಮನ ಮೈ ತಾನಾಗಿಯೇ ಬಾಗಿತು.

"ಬ್ಯಾಡ" ಎಂದೆ. "ಅಳ್ಲಿ."

ಅವಳು ಅಲ್ಲೇ ನೆಲಕ್ಕೆ ಕೂತು, ಕೈಗಳು ಮುಂದೆ ಹೋಗದಂತೆ ಅವುಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಚಂಪಕ ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಗೆ ಒರಗಿದಳು. ಕಿಟಕಿಯಿಂದ ಗಾಳಿ ಧಾರಾಳವಾಗಿ ಬರುತ್ತಿತ್ತು. ಕೂಸು ಅಳುತ್ತಾ ಅಂಗೈಯನ್ನು ನೆಲಕ್ಕೆ ಊರಿ, ಕಾಲನ್ನು ಹಿಂದೆ ಎಳೆದುಕೊಂಡು, ಅಜ್ಜಿಯ ಕಡೆಗೆ ಒಂದು ಬೆರಳಿನಷ್ಟು ಸರಿಯಿತು.